ಆಚೆ ಬದಿಯ ಹೊಂಡ

ಸೈಕಲ್ ಅಂಗಡಿಗೆ ಹೋದವರು ಮೊದಲು ಮಾಡುವ ಕೆಲಸವೇನೆಂದು ನೀವು ಎಂದಾದರೂ ಗಮನಿಸಿದ್ದೀರಾ? ಬೆಲೆ ಕೇಳುವುದಲ್ಲ, ಬಣ್ಣ ನೋಡುವುದೂ ಅಲ್ಲ. ಹೆಬ್ಬೆರಳಿನಿಂದ ಸೀಟನ್ನು ಒಮ್ಮೆ ಅದುಮುತ್ತಾರೆ. ಮಾವಿನಹಣ್ಣನ್ನು ತೊಟ್ಟಿನ ಬಳಿ ಅದುಮಿ ನೋಡುವ ಹಾಗೆ ಅದುಮಿ, ಏನೋ ತಿಳಿದುಕೊಂಡವರಂತೆ ತಲೆಯಾಡಿಸಿ, ಮುಂದಿನ ಸೈಕಲ್ಲಿಗೆ ಸರಿಯುತ್ತಾರೆ. ಏನು ತಿಳಿಯಿತು ಎಂದು ಕೇಳಿದರೆ ಹೇಳಲಾರರು. ನಾನೂ ಉಡುಪಿಯ ಒಂದು ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ್ದ ಸೈಕಲ್ಲುಗಳ ಹನ್ನೊಂದು ಸೀಟುಗಳನ್ನು ಹೀಗೆ ಅದುಮುತ್ತ ಹೋದೆ. ಹನ್ನೆರಡನೆಯದಕ್ಕೆ ಬಂದಾಗ ಮಾತ್ರ ಬೇರೆಯೇ ಒಂದು ಸಂಗತಿ ನಡೆಯಿತು. ನಾನು ಅದುಮಿದ್ದು ಸೀಟನ್ನು. ಕುಗ್ಗಿದ್ದು ಇಡೀ ಸೈಕಲ್ಲು. ಕೈ ತೆಗೆದೊಡನೆ, ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡು ನಿಟ್ಟುಸಿರು ಬಿಟ್ಟವರಂತೆ, ಮೆಲ್ಲನೆ ಮೇಲೆದ್ದು ನಿಂತಿತು.

ಆ ಕ್ಷಣದಿಂದ ಉಳಿದ ಹನ್ನೊಂದೂ ನನ್ನ ಕಣ್ಣಿಗೆ ಚಕ್ರ ಕಟ್ಟಿದ ಹಲಗೆಗಳಾದವು.

ಅಂಗಡಿಯ ಸುಕೇಶ್ ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಕೈಯ ಗ್ರೀಸನ್ನು ಹಳೆಯ ಬನಿಯನ್ನಿಗೆ ಒರೆಸಿಕೊಳ್ಳುತ್ತ ಹತ್ತಿರ ಬಂದ.

“ಇದು ಗುಡ್ಡ ಇಳಿಯುವವರದ್ದು ಸರ್. ಮುಂದೆ ಒಂದು ಶಾಕ್ ಅಬ್ಸಾರ್ಬರ್, ಹಿಂದೆ ಒಂದು ಶಾಕ್. ನಿಮಗೆ ಎಲ್ಲಿಗೆ ಹೋಗ್ಲಿಕ್ಕೆ?”

“ಆಫೀಸಿಗೆ.”

“ಆಫೀಸಿಗೆ” ಎಂದು ಅವನೂ ಹೇಳಿದ, ಮುಖದಲ್ಲಿ ಏನನ್ನೂ ತೋರಿಸದೆ. ಆಮೇಲೆ ಕರ್ತವ್ಯವೆಂಬಂತೆ ಅದರ ದೋಷಗಳನ್ನೆಲ್ಲ ಹೇಳತೊಡಗಿದ. ಭಾರ ಹೆಚ್ಚು. ಏರು ಹತ್ತುವಾಗ ನಾವು ತುಳಿದ ಬಲದಲ್ಲಿ ಒಂದು ಪಾಲನ್ನು ಶಾಕೇ ತಿಂದುಬಿಡುತ್ತದೆ. ಹಿಂದೆ ಕ್ಯಾರಿಯರ್ ಕೂರಿಸಲು ಬರುವುದಿಲ್ಲ. ಸರಿಯಾದ ಮಡ್‌ಗಾರ್ಡ್ ಇಲ್ಲ, ಹಾಗಾಗಿ ಮಳೆಗಾಲದಲ್ಲಿ ಬೆನ್ನಿನುದ್ದಕ್ಕೂ ಕೆಂಪು ಗೆರೆ. “ಮತ್ತೆ ನಿಮ್ಮ ತೂಕ ಹೇಳ್ಬೇಕು. ಹಿಂದಿನ ಶಾಕಿನಲ್ಲಿ ಇರುವುದು ಗಾಳಿ. ನೀವು ಕೂತಾಗ ಅದು ಸುಮಾರು ಕಾಲು ಭಾಗ ಕುಗ್ಗಬೇಕು, ಹಾಗೆ ಗಾಳಿ ಹೊಡಿಯುವುದು. ಕುಗ್ಗದಿದ್ರೆ ಅದು ಇದ್ದೂ ಪ್ರಯೋಜನ ಇಲ್ಲ.”

ದೋಷಗಳ ಪಟ್ಟಿ ಉದ್ದವಾದಷ್ಟೂ ನನ್ನ ಆಸೆ ಗಟ್ಟಿಯಾಗುತ್ತ ಹೋಯಿತು. ಐವತ್ತೆರಡು ವರ್ಷದ ಮನುಷ್ಯನ ಆಸೆಗೆ ಇದೊಂದು ಲಕ್ಷಣವೆಂದು ಕಾಣುತ್ತದೆ. ಚಿಕ್ಕಂದಿನಲ್ಲಿ ಗುಣಗಳನ್ನು ಕೇಳಿ ಆಸೆಪಡುತ್ತೇವೆ; ಈ ವಯಸ್ಸಿನಲ್ಲಿ ದೋಷಗಳನ್ನು ಕೇಳಿಯೂ ಬಿಡಲಾಗದೇ ಹೋದದ್ದನ್ನು ಆಸೆ ಎಂದು ಗುರುತಿಸುತ್ತೇವೆ.

ನಾನು ಅಂಗಡಿಗೆ ಹೋಗಲು ಕಾರಣ ನನ್ನ ಕಚೇರಿಯ ಒಂದು ಸುತ್ತೋಲೆ. ಮಣಿಪಾಲದ ಗುಡ್ಡದ ಮೇಲಿನ ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ನನಗೆ ಕೆಲಸ. ಅಲ್ಲಿ ವಾಹನ ನಿಲ್ಲಿಸಲು ಜಾಗ ಸಾಲದೆ, ನೌಕರರು ಸೈಕಲ್ಲಿನಲ್ಲಿ ಬರಲಿ ಎಂದು ಈ ವರ್ಷ ಹೊಸದೊಂದು ಯೋಜನೆ ಮಾಡಿದ್ದಾರೆ. ನಮಗೆ ಬೇಕಾದ ಸೈಕಲ್ಲನ್ನು ಸಂಸ್ಥೆಯೇ ಕೊಡಿಸುತ್ತದೆ, ಸಂಬಳದಲ್ಲಿ ಸ್ವಲ್ಪ ಸ್ವಲ್ಪವಾಗಿ ಹಿಡಿದುಕೊಳ್ಳುತ್ತದೆ. ಅರ್ಜಿ ಒಂದೇ ಪುಟದ್ದು. ಮನೆಯಿಂದ ಕಚೇರಿಗೆ ಇರುವ ದೂರ, ಬರುವ ಮಾರ್ಗ, ಬಯಸುವ ಸೈಕಲ್ಲಿನ ವಿಧ, ಆ ವಿಧವನ್ನೇ ಆರಿಸಿಕೊಂಡದ್ದಕ್ಕೆ ಕಾರಣ. ಎಲ್ಲದರ ಕೆಳಗೆ, ನೌಕರರು ಈ ಮಾರ್ಗದಲ್ಲಿ ಸೈಕಲ್ ತುಳಿಯುವುದು ತಮಗೆ ತಿಳಿದಿದೆ ಎಂದು ಮನೆಯವರೊಬ್ಬರ ಸಹಿ.

ಅರ್ಜಿಗಳನ್ನು ಸ್ವೀಕರಿಸುವವನು ದಿನಕರ. ಕಾಪುವಿನಿಂದ ದಿನಾ ಬರುತ್ತಾನೆ. ಇಪ್ಪತ್ತು ವರ್ಷಗಳಿಂದ ಮಧ್ಯಾಹ್ನದ ಬುತ್ತಿಯನ್ನು ನಾವು ಒಟ್ಟಿಗೆ ಬಿಚ್ಚುತ್ತ ಬಂದವರು. ಸುಕೇಶನ ಅಂಗಡಿಯಲ್ಲಿ ತೆಗೆದ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಾಗ ಅವನು ಅದನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ ನೋಡಿದ.

“ಇದು ಎಂತ ಸ್ಟ್ಯಾನಿ, ಸೈಕಲ್ಲಾ ಮಿಡತೆಯಾ?”

“ಎರಡೂ ಕಡೆ ಸಸ್ಪೆನ್ಷನ್ ಉಂಟು.”

“ನಮ್ಮ ಕಾಪುವಿನಲ್ಲಿ ಎತ್ತರದ ಜಾಗ ಅಂದ್ರೆ ಲೈಟ್‌ಹೌಸ್ ನಿಂತ ಬಂಡೆ ಒಂದೇ. ಅದಕ್ಕೂ ಮೆಟ್ಟಿಲು ಉಂಟು ಮಾರಾಯ. ನೀನು ಬುತ್ತಿ ಎಲ್ಲಿ ನೇತಾಡಿಸುವುದು, ಅದನ್ನು ಹೇಳು ಮೊದಲು.”

ನಗುವುದಕ್ಕೆ ಅವನಿಗೆ ಹಕ್ಕಿತ್ತು. ಆದರೆ ನನ್ನ ಬಳಿ ಒಂದು ಉತ್ತರವಿತ್ತು. ಎಂಥವರ ನಗುವನ್ನೂ ನಿಲ್ಲಿಸಬಲ್ಲ ಉತ್ತರ. “ಹೊಂಡ” ಎಂದೆ. ದಿನಕರ ತಟ್ಟನೆ ಮೊಬೈಲನ್ನು ಮೇಜಿನ ಮೇಲಿಟ್ಟು, “ಹೌದಲ್ಲ, ನಿನಗೆ ಆ ಕಥೆ ಉಂಟು” ಎಂದು ದನಿ ತಗ್ಗಿಸಿದ.

ಆ ಕಥೆಯನ್ನು ನಿಮಗೂ ಹೇಳಬೇಕು. ಇಷ್ಟು ವರ್ಷ ಹೇಳುತ್ತ ಬಂದ ಹಾಗೆಯೇ ಮೊದಲು ಹೇಳುತ್ತೇನೆ.

ಆರು ವರ್ಷಗಳ ಹಿಂದೆ ಒಂದು ಭಾನುವಾರ ಸಂಜೆ, ಇನ್ನೂ ಬೆಳಕಿರುವಾಗಲೇ, ನಾನೂ ನನ್ನ ಹೆಂಡತಿ ಐರಿನ್‌ಳೂ ಉಡುಪಿಯಲ್ಲಿ ನೆಂಟರ ಮನೆಯ ರೋಸ್ ಮುಗಿಸಿಕೊಂಡು ಬರುತ್ತಿದ್ದೆವು. ಮದುವೆಯ ಹಿಂದಿನ ದಿನ ಮದುಮಕ್ಕಳಿಗೆ ತೆಂಗಿನಹಾಲು ಹಚ್ಚಿ ಮೀಯಿಸುವ ನಮ್ಮ ಶಾಸ್ತ್ರ ಅದು. ಅವಳ ಕೈಯಲ್ಲಿ ಇನ್ನೂ ತೆಂಗಿನಹಾಲಿನ ವಾಸನೆ ಇದ್ದಿರಬೇಕು. ನಮ್ಮ ಮನೆ ಇರುವುದು ಆತ್ರಾಡಿಯಲ್ಲಿ. ಮಣಿಪಾಲ ದಾಟಿ, ಪರ್ಕಳ ದಾಟಿ, ಇಳಿಜಾರಿನಲ್ಲಿ ಸ್ಕೂಟರ್ ಒಂದು ಹೊಂಡಕ್ಕೆ ಬಿತ್ತು. ನನಗೆ ಮೊಣಕೈಯ ಚರ್ಮ ಕಿತ್ತುಹೋಯಿತು, ಹೆಲ್ಮೆಟಿನ ಅಂಚು ತಾಗಿ ಹಣೆಯಲ್ಲಿ ನಾಲ್ಕು ಹೊಲಿಗೆ. ಅವಳಿಗೆ ಬಲಗೈಯ ಮಣಿಕಟ್ಟು ಎರಡು ಕಡೆ ಮುರಿಯಿತು.

ಐರಿನ್ ಹೊಲಿಗೆಯವಳು. ನಮ್ಮ ಇಗರ್ಜಿಯ ಸುತ್ತಿನ ಮದುಮಗಳಂದಿರ ರವಿಕೆಗಳಲ್ಲಿ ಮುಕ್ಕಾಲು ಪಾಲು ಅವಳ ಕೈಯಲ್ಲಿ ಆಗುತ್ತಿದ್ದವು. ಮೂಳೆ ಕೂಡಿಕೊಂಡಿತು, ಆದರೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ಅದುಮುವ ಬಲ ಆ ಕೈಗೆ ಮರಳಲಿಲ್ಲ. ಬಟ್ಟೆಯನ್ನು ಬೇರೆಯವರ ಕೈಯಲ್ಲಿ ಕತ್ತರಿಸಿ ತರಿಸಿಕೊಂಡು ಒಂದೆರಡು ವರ್ಷ ಹೊಲಿದಳು. ಇನ್ನೊಬ್ಬರು ಕತ್ತರಿಸಿದ್ದನ್ನು ಹೊಲಿಯುವುದು ಇನ್ನೊಬ್ಬರು ಅಗಿದದ್ದನ್ನು ನುಂಗಿದ ಹಾಗೆ ಎಂದು ಒಂದು ದಿನ ಹೇಳಿ ಯಂತ್ರಕ್ಕೆ ಹೊದಿಕೆ ಹಾಕಿದಳು.

ನಾವು ಬಿದ್ದ ಮೂರನೆಯ ದಿನ ಊರಿನ ಯುವಕ ಮಂಡಲದವರು ಆ ಹೊಂಡದಲ್ಲಿ ಒಂದು ಬಾಳೆಗಿಡ ನೆಟ್ಟರು. ನಮ್ಮ ಕಡೆ ಇದು ರೂಢಿ. ರಸ್ತೆಯ ಹೊಂಡದಲ್ಲಿ ಬಾಳೆ ನೆಟ್ಟು, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿ, ಪತ್ರಿಕೆಗೆ ಕಳಿಸುವುದು. ಫೋಟೊಕ್ಕೆ ಗಾಯಾಳು ಒಬ್ಬರಿದ್ದರೆ ತೂಕ ಹೆಚ್ಚು. ಹಣೆಯ ಪಟ್ಟಿಯೊಂದಿಗೆ ನನ್ನನ್ನು ಕರೆದುಕೊಂಡು ಹೋಗಿ ಗಿಡದ ಪಕ್ಕದಲ್ಲಿ ನಿಲ್ಲಿಸಿದರು. ಮರುದಿನ ಪತ್ರಿಕೆಯಲ್ಲಿ ಬಂದಿತು. ವಾರದೊಳಗೆ ಹೊಂಡ ಮುಚ್ಚಿತು, ಬಾಳೆ ಯಾರದೋ ಹಿತ್ತಿಲು ಸೇರಿತು. ಆ ಚಿತ್ರವನ್ನು ಕತ್ತರಿಸಿ ನಾನು ದಿನಚರಿಯಲ್ಲಿ ಅಂಟಿಸಿದೆ.

ಇದಿಷ್ಟು ಕಥೆ. ಇದನ್ನು ಆಧರಿಸಿಯೇ ಅರ್ಜಿಯ ‘ಕಾರಣ’ ಎಂಬಲ್ಲಿ ಬರೆದೆ: “ಈ ಮಾರ್ಗದ ಹೊಂಡದಿಂದಾಗಿ ಹಿಂದೆ ಅಪಘಾತಕ್ಕೆ ಒಳಗಾಗಿ ಪತ್ನಿಯ ಕೈಗೆ ಶಾಶ್ವತ ದೌರ್ಬಲ್ಯ ಉಂಟಾಗಿರುವುದರಿಂದ, ಎರಡೂ ಕಡೆ ಸಸ್ಪೆನ್ಷನ್ ಇರುವ ಸೈಕಲ್ ಅವಶ್ಯ. ಪತ್ರಿಕೆಯ ವರದಿ ಲಗತ್ತಿಸಿದೆ.” ಬರೆದು ಓದಿಕೊಂಡಾಗ ನನಗೇ ಕರುಣೆ ಬಂತು. ಅರ್ಜಿಯನ್ನು ಐರಿನ್‌ಳ ಹೊಲಿಗೆ ಯಂತ್ರದ ಹೊದಿಕೆಯ ಮೇಲೆ, ಪೆನ್ನಿನ ಸಮೇತ ಇಟ್ಟೆ.

ಒಂದು ವಾರ ಅದು ಅಲ್ಲಿಯೇ ಇತ್ತು. ದಿನಾ ಸಂಜೆ ನೋಡುತ್ತಿದ್ದೆ. ಪೆನ್ನು ಜಾಗ ಬದಲಿಸುತ್ತಿತ್ತು, ಸಹಿ ಮಾತ್ರ ಬೀಳುತ್ತಿರಲಿಲ್ಲ. ಕೊನೆಯ ದಿನಾಂಕ ಹತ್ತಿರವಾಗುತ್ತಿತ್ತು. ಅವಳಿಗೆ ರಸ್ತೆಯ ಭಯವಿರಬೇಕೆಂದು ನಾನು ಒಳಗೊಳಗೇ ಸಮಾಧಾನದ ಮಾತುಗಳನ್ನು ಸಿದ್ಧಮಾಡಿಕೊಳ್ಳುತ್ತಿದ್ದೆ. ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು, ಚಹಾ ಕುಡಿದು, ಲೋಟವನ್ನು ಕೆಳಗಿಟ್ಟ ಮೇಲೆ ಅವಳೇ ಮಾತು ತೆಗೆದಳು. ಮನೆಯಲ್ಲಿ ನಮ್ಮದು ಕೊಂಕಣಿ. ಕನ್ನಡದಲ್ಲಿ ಬರೆಯುವಾಗ ಅವಳ ಮಾತಿನ ಖಾರ ಅರ್ಧಕ್ಕರ್ಧ ಇಳಿದುಹೋಗುತ್ತದೆ.

“ಇದಕ್ಕೆ ನಾನು ಸಹಿ ಹಾಕ್ಲಿಕ್ಕಿಲ್ಲ.”

“ಹೆದರಿಕೆಯಾ?”

“ಸೈಕಲ್ ತಕ್ಕೊ, ಬೇಕಾದ್ರೆ ವಿಮಾನ ತಕ್ಕೊ. ಈ ಕಾರಣ ತೆಗಿ.”

“ಕಾರಣಕ್ಕೆ ಎಂತ ಆಯ್ತು?”

“ಹೊಂಡ ಇರ್ಲಿಲ್ಲ, ಸ್ಟ್ಯಾನಿ.”

ನನಗೆ ಬಂದದ್ದು ಸಿಟ್ಟು ಎಂದೇ ನೆನಪು. ದಾಖಲೆ ವಿಭಾಗದವನಲ್ಲವೇ, ಎದ್ದು ಹೋಗಿ ಆ ವರ್ಷದ ದಿನಚರಿ ತಂದೆ. ಅಂಟಿಸಿದ ಚಿತ್ರವನ್ನು ತೆರೆದು ಅವಳ ಮುಂದೆ ಹಿಡಿದೆ. ಅವಳು ಬಾಳೆಗಿಡವನ್ನಾಗಲಿ ನನ್ನ ಹಣೆಯ ಪಟ್ಟಿಯನ್ನಾಗಲಿ ನೋಡಲಿಲ್ಲ. ಗಿಡದ ಬೆನ್ನಿಗೇ, ಅದನ್ನು ದಾಟಲಾರದೆ ನಿಂತಿದ್ದ ಒಂದು ಬಸ್ಸಿನ ಮೇಲೆ ಬೆರಳಿಟ್ಟಳು.

“ಬೋರ್ಡು ಓದು.”

“ಉಡುಪಿ.”

“ಆ ಬಸ್ಸು ಎಲ್ಲಿಗೆ ಹೋಗುವುದು?”

“ಉಡುಪಿಗೆ.”

“ನಾವು ಎಲ್ಲಿಂದ ಬರ್ತಾ ಇದ್ದದ್ದು?”

ನಾವು ಉಡುಪಿಯಿಂದ ಬರುತ್ತಿದ್ದೆವು. ಹೊಂಡ ಇದ್ದದ್ದು ಉಡುಪಿಗೆ ಹೋಗುವವರ ಬದಿಯಲ್ಲಿ, ರಸ್ತೆಯ ಆಚೆ. ನಾವು ಬಿದ್ದದ್ದು ಈಚೆ, ಡಾಮರು ಮುಗಿದು ಮಣ್ಣು ಶುರುವಾಗುವ ಅಂಚಿನಲ್ಲಿ. ಯುವಕ ಮಂಡಲದವರಿಗೆ ಬೇಕಾದದ್ದು ಒಂದು ಹೊಂಡ. ಹತ್ತಿರದಲ್ಲಿ ಸಿಕ್ಕಿದ್ದನ್ನು ಆರಿಸಿಕೊಂಡಿದ್ದರು. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿದಾಗ ನಾನು ನಿಂತೆ.

ಚರಿತ್ರೆಯಲ್ಲಿ ಎಂ.ಎ. ಮಾಡಿದವನು ನಾನು. ರಾಜರ ಚರಿತ್ರೆ ಓದಿದವನಿಗೆ ರೋಗಿಗಳ ಚರಿತ್ರೆ ಕಾಯುವ ಕೆಲಸ ಸಿಕ್ಕಿತು ಎಂದು ಗೆಳೆಯರು ತಮಾಷೆ ಮಾಡುತ್ತಾರೆ. ಪೆಟ್ಟಾಗಿ ಬಂದವರ ಕಾಗದಗಳಲ್ಲಿ ಪೆಟ್ಟು ಹೇಗಾಯಿತು ಎಂಬುದರ ಜೊತೆಗೆ ಅದನ್ನು ಹೇಳಿದವರು ಯಾರು ಎಂದೂ ಬರೆಯುವ ಪದ್ಧತಿಯಿದೆ. ರೋಗಿಯೇ, ಮಗನೇ, ದಾರಿಹೋಕನೇ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಕಲಿಸುವ ಮೊದಲ ಪಾಠವೇ ಅದು: ಏನಾಯಿತು ಎನ್ನುವುದಕ್ಕಿಂತ ಮುಂಚೆ ಯಾರು ಹೇಳಿದರು ಎಂಬುದನ್ನು ನೋಡಿ. ಆ ಭಾನುವಾರ ಮಧ್ಯಾಹ್ನ ಕಪಾಟಿನಿಂದ ಐರಿನ್‌ಳ ಆಸ್ಪತ್ರೆಯ ಕಾಗದ ತೆಗೆದು ನೋಡಿದೆ. ಸ್ಕೂಟರ್ ಹೊಂಡಕ್ಕೆ ಬಿದ್ದು ಪೆಟ್ಟು. ಹೇಳಿದವರು, ಗಂಡ. ನೋವಿನ ಮದ್ದಿನ ಮಂಪರಿನಲ್ಲಿದ್ದವಳನ್ನು ಯಾರೂ ಕೇಳುವ ಹಾಗಿರಲಿಲ್ಲ. ಎಚ್ಚರವಾದ ಮೇಲೆ ಕೇಳಬಹುದಾಗಿದ್ದವನು ನಾನೊಬ್ಬ. ಕೇಳಿರಲಿಲ್ಲ.

ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಈಗ ಕೇಳಿದೆ.

“ಹಾಗಾದ್ರೆ ನಾವು ಹೇಗೆ ಬಿದ್ದದ್ದು?”

“ನೀನು ತಿರುಗಿ ನೋಡಿದೆ. ‘ಎಂತ?’ ಅಂತ ಕೇಳಿದೆ. ಮುಂದಿನ ಚಕ್ರ ಡಾಮರಿನಿಂದ ಕೆಳಗೆ ಹೋಯಿತು.”

“ಯಾಕೆ ತಿರುಗಿದ್ದು?”

“ನಾನು ಎಂತದೋ ಹೇಳಿದೆ. ಹೆಲ್ಮೆಟಿನಲ್ಲಿ ನಿನಗೆ ಕೇಳ್ಲಿಲ್ಲ.”

“ಎಂತ ಹೇಳಿದ್ದು?”

“ಅದೇ ನೆನಪಿಲ್ಲ. ಆರು ವರ್ಷದಿಂದ ನೆನಪು ಮಾಡ್ತಾ ಇದ್ದೇನೆ. ದೊಡ್ಡದೇನೂ ಇರ್ಲಿಕ್ಕಿಲ್ಲ.”

ಅವಳ ದನಿಯಲ್ಲಿ ಆರೋಪವಿರಲಿಲ್ಲ. ಅದನ್ನೇ ನಾನು ತಪ್ಪಾಗಿ ಓದಿದೆ. ನನ್ನ ತಪ್ಪನ್ನು ಇಷ್ಟು ಕಾಲ ಉದಾರವಾಗಿ ಮುಚ್ಚಿಟ್ಟಿದ್ದಾಳೆಂದು ಭಾವಿಸಿ, ಯಾಕೆ ಹೇಳಲಿಲ್ಲ, ಹೇಳಬೇಕಿತ್ತಲ್ಲ ಎಂದು ತಡವರಿಸಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

“ನಿನ್ನನ್ನು ಯಾಕೆ ಮುಚ್ಚಿಡುವುದು? ಕರೆದದ್ದು ನಾನಲ್ವಾ? ಗಾಡಿ ಬಿಡುವವನನ್ನು ಹಿಂದಿನಿಂದ ಕರೆದು ನನ್ನ ಕೈ ನಾನೇ ಮುರಿದುಕೊಂಡದ್ದು. ನೀನು ಹೊಂಡ ಅಂದಾಗ, ನನ್ನನ್ನು ಉಳಿಸ್ಲಿಕ್ಕೆ ಹೇಳ್ತಾ ಇದ್ದಿ ಅಂತ ಅಂದುಕೊಂಡೆ. ಪಾಪ, ನನಗೋಸ್ಕರ ಪೇಪರಿನಲ್ಲೂ ಸುಳ್ಳು ಹೇಳಿದ ಅಂತ.”

ಆಮೇಲೆ, ಹೊಲಿಗೆ ಯಂತ್ರದ ಹೊದಿಕೆಯ ಅಂಚನ್ನು ಸರಿಮಾಡುತ್ತ, “ಅದಕ್ಕೇ ದಾರಿಯಲ್ಲಿ ನಾನು ಮಾತಾಡುವುದನ್ನು ಬಿಟ್ಟದ್ದು. ನಿನಗೆ ಗೊತ್ತಾಗ್ಲಿಲ್ಲ ಅಲ್ವಾ?” ಎಂದಳು.

ಗೊತ್ತಾಗಿರಲಿಲ್ಲ. ನಾವು ಈಗ ಎಲ್ಲಿಗೆ ಹೋದರೂ ಬಸ್ಸಿನಲ್ಲಿ ಹೋಗುತ್ತೇವೆ. ಅವಳು ಕಿಟಕಿಯ ಕಡೆ ಕುಳಿತು ಹೊರಗೆ ನೋಡುತ್ತಾಳೆ. ಇಗರ್ಜಿಗೆ ನಡೆದು ಹೋಗುವಾಗ ಕಾಲುದಾರಿಯಲ್ಲಿ ನಾನು ಮುಂದೆ, ಅವಳು ಹಿಂದೆ. ಏನನ್ನಾದರೂ ಹೇಳಬೇಕಾದರೆ ಬೇಗ ಬೇಗ ಹೆಜ್ಜೆ ಹಾಕಿ ನನ್ನ ಮುಂದಕ್ಕೆ ಬಂದು, ಎದುರು ನಿಂತು ಹೇಳುತ್ತಾಳೆ. ಇದನ್ನೆಲ್ಲ ನಾನು ವಯಸ್ಸಿನ ಜೊತೆ ಬರುವ ಸಮಾಧಾನವೆಂದು ತಿಳಿದಿದ್ದೆ. ನಾಚಿಕೆಯ ಸಂಗತಿಯೆಂದರೆ, ಆಮೇಲಿನ ವರ್ಷಗಳ ದಿನಚರಿಗಳಲ್ಲಿ ಒಂದು ಕಡೆ ಹೀಗೆ ಬರೆದುಕೊಂಡಿದ್ದೇನೆ: “ಕಾರ್ಕಳದಿಂದ ಮಾತಿಲ್ಲದೆ ಕುಳಿತು ಬಂದೆವು. ಇಬ್ಬರ ನಡುವೆ ಮಾತೇ ಬೇಡವಾಗುವ ಈ ನೆಮ್ಮದಿ ಎಷ್ಟು ಜನರಿಗೆ ಸಿಗುತ್ತದೆ!” ಬರೆದವನು ನಾನೇ. ಪಕ್ಕದಲ್ಲಿ ಕುಳಿತವಳನ್ನು ಆ ವಾಕ್ಯ ಬರೆಯುವ ಮುಂಚೆ ಒಂದು ಮಾತು ಕೇಳಿರಲಿಲ್ಲ.

ಓದುಗ ಮಿತ್ರರೇ, ನಾನು ಆಗ ಸುಳ್ಳು ಹೇಳಿದೆನೇ? ಪ್ರಾಮಾಣಿಕವಾಗಿ ಹೇಳುತ್ತೇನೆ, ನನಗೆ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಯಾರೋ ಹೇಗಾಯಿತು ಎಂದು ಕೇಳಿದಾಗ ನನ್ನ ಬಾಯಿಂದ ಹೊಂಡವೆಂಬ ಮಾತು ಬಂತು. ಅದನ್ನು ಆರಿಸಿಕೊಂಡ ನೆನಪು ನನಗಿಲ್ಲ. ನಮ್ಮ ರಸ್ತೆಗಳಲ್ಲಿ ಬಿದ್ದವರ ನಾಲಿಗೆಯ ತುದಿಯಲ್ಲಿ ಆ ಉತ್ತರ ಸಿದ್ಧವಾಗಿರುತ್ತದೆ, ಕೇಳುವವರ ಕಿವಿಯಲ್ಲೂ ಸಿದ್ಧವಾಗಿರುತ್ತದೆ. ಆಮೇಲೆ ಬಾಳೆಗಿಡ ಬಂತು, ಪತ್ರಿಕೆ ಬಂತು, ಅಂಟು ಬಂತು. ನೂರು ಸಲ ಹೇಳಿದ ಮೇಲೆ ಆ ಹೊಂಡದ ಆಕಾರ, ಅದರಲ್ಲಿ ನಿಂತಿದ್ದ ಕೆಂಪು ನೀರು, ಚಕ್ರ ಅದರೊಳಕ್ಕೆ ಇಳಿದದ್ದು ಎಲ್ಲವೂ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಈಗ, ಅವಳು ಹೇಳಿದ ಮೇಲೆ, ನಾನು ಕತ್ತು ತಿರುಗಿಸಿದ್ದು, ಹೆಲ್ಮೆಟಿನ ಅಂಚಿನಲ್ಲಿ ಅವಳ ಸೀರೆಯ ಹಸಿರು ಕಂಡದ್ದು ಅಷ್ಟೇ ಸ್ಪಷ್ಟವಾಗಿ ಕಾಣುತ್ತಿದೆ. ಇದು ಮರಳಿ ಬಂದ ನೆನಪೋ, ಅವಳ ಮಾತಿನಿಂದ ಇವತ್ತು ಹುಟ್ಟಿದ್ದೋ? ಸೀರೆ ಹಸಿರಾಗಿತ್ತೇ ಎಂದು ಕೇಳಿದೆ. ನೀಲಿ ಎಂದಳು. ಆ ಇಳಿಜಾರಿನಲ್ಲಿ ಹೋಗಿ ನೋಡೋಣವೆಂದರೆ, ರಸ್ತೆ ಅಗಲವಾಗಿ, ಹಳೆಯ ಅಂಚೂ ಇಲ್ಲ, ಆಚೆ ಬದಿಯೂ ಇಲ್ಲ.

ಸುಕೇಶ್ ಶಾಕಿನ ಬಗ್ಗೆ ಹೇಳಿದ್ದನ್ನೇ ಮತ್ತೆ ಮತ್ತೆ ಯೋಚಿಸುತ್ತಿದ್ದೆ. ಶಾಕ್ ಎಂಬುದು ಹೊಂಡವನ್ನು ಮುಚ್ಚುವುದಿಲ್ಲ. ಚಕ್ರ ಬೀಳುವಷ್ಟು ಆಳಕ್ಕೆ ಬಿದ್ದೇ ಬೀಳುತ್ತದೆ. ಹೊಂಡದ ಸುದ್ದಿ ಮೈಗೆ ಒಮ್ಮೆಲೇ ತಲುಪದಂತೆ, ಸ್ವಲ್ಪ ಸ್ವಲ್ಪವಾಗಿ, ತಡವಾಗಿ ತಲುಪುವಂತೆ ಮಾಡುವುದಷ್ಟೇ ಅದರ ಕೆಲಸ. ನಾನು ಅಂಥದ್ದೊಂದನ್ನು ಆರು ವರ್ಷಗಳ ಹಿಂದೆಯೇ ಅಳವಡಿಸಿಕೊಂಡಿದ್ದೆ, ಅರ್ಜಿಯನ್ನೇನೂ ಹಾಕಿರಲಿಲ್ಲ. ನನ್ನ ಭಾರವೆಲ್ಲ ಅದರ ಮೇಲೆ ಕೂತಿತ್ತು. ಹಿಂದೆ ಕುಳಿತವಳ ಭಾರ ಎಲ್ಲಿ ಕೂತಿದೆಯೆಂದು ನೋಡಿರಲಿಲ್ಲ. ಅವಳ ಕೈ ಮುರಿದದ್ದಕ್ಕೆ ಯಾರದು ತಪ್ಪು ಎಂಬ ಪ್ರಶ್ನೆಗೆ ಹೊಂಡವೆಂಬ ಉತ್ತರ ನನ್ನೊಬ್ಬನಿಗೆ ಸಾಕಾಗಿತ್ತು. ಆ ಉತ್ತರವನ್ನು ನಂಬದ ಏಕೈಕ ವ್ಯಕ್ತಿ, ಅದರ ಕೆಳಗೆ ತನ್ನದೇ ತಪ್ಪು ಹೂತಿದೆಯೆಂದು ತಿಳಿದು, ದಾರಿಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

ನಾನು ಅವಳಿಗೆ ಹೇಳಬೇಕಾದದ್ದು ಒಂದೇ ಮಾತಾಗಿತ್ತು. ಹೇಳುವಷ್ಟರಲ್ಲಿ ಚಹಾದ ಲೋಟಗಳೆರಡೂ ಒಣಗಿದ್ದವು. “ಕರೆದವರ ಕಡೆ ನೋಡದೆಯೂ ‘ಎಂತ’ ಅಂತ ಕೇಳಬಹುದಿತ್ತು. ಗಾಡಿ ನಿಲ್ಲಿಸಿ ಕೇಳಬಹುದಿತ್ತು. ತಿರುಗಿದ್ದು ನಾನು.”

ಅವಳು ಒಪ್ಪಲಿಲ್ಲ. ಅಲ್ಲವೆನ್ನಲೂ ಇಲ್ಲ. “ಈಗ ಅರ್ಜಿಗೆ ಎಂತ ಬರಿತಿ?” ಎಂದಳು.

“ಹೊಂಡ ಇಲ್ಲದಿದ್ರೆ ಈ ಸೈಕಲ್ಲಿಗೆ ಕಾರಣವೇ ಇಲ್ಲ. ಸಾದಾ ಒಂದು ಸಾಕು.”

“ನಿನಗೆ ಅದು ಬೇಕಾ?”

ಸುಳ್ಳು ಹೇಳುವ ದಿನ ಅದಾಗಿರಲಿಲ್ಲ. “ಬೇಕು” ಎಂದೆ. ಅವಳ ತವರು ಅಜೆಕಾರು. ಅಲ್ಲಿಗೆ ಹೋದಾಗಲೆಲ್ಲ ಗದ್ದೆಗಳ ಮೇಲಣ ಪದವಿನಲ್ಲಿ, ಮರವಿಲ್ಲದ ಆ ಕೆಂಪುಕಲ್ಲಿನ ಬಯಲಿನಲ್ಲಿ, ನಿಟ್ಟೆಯ ಕಡೆಯಿಂದ ಬರುವ ಕಾಲೇಜು ಹುಡುಗ ಹುಡುಗಿಯರು ಇಂಥ ಸೈಕಲ್ಲುಗಳಲ್ಲಿ ಬಂಡೆಯಿಂದ ಬಂಡೆಗೆ ಇಳಿಯುವುದನ್ನು ನಿಂತು ನೋಡಿದ್ದೇನೆ. ಕಲ್ಲು ಎಷ್ಟೇ ಕುಲುಕಿದರೂ ಅವರ ತಲೆ ಮಾತ್ರ ತುಂಬಿದ ಕೊಡ ಹೊತ್ತವರ ತಲೆಯಂತೆ ಅಲುಗದೆ ಸಾಗುತ್ತಿತ್ತು. ಹಾಗೊಮ್ಮೆ ಸಾಗಬೇಕೆಂಬ ಆಸೆಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವಳಿಗೆ ಆಗ ಹೇಳಿದೆ.

“ಹಾಗಾದ್ರೆ ಬೇಕು ಅಂತ ಬರಿ. ಬೇಕು ಅನ್ನಲಿಕ್ಕೆ ಹೊಂಡ ಯಾಕೆ?”

ಹೊಸ ಅರ್ಜಿಯಲ್ಲಿ ಬರೆದೆ: “ಈ ಮಾರ್ಗಕ್ಕೆ ಇಂಥ ಸೈಕಲ್ಲಿನ ಅಗತ್ಯವಿಲ್ಲ. ರಜಾದಿನಗಳಲ್ಲಿ ಕಲ್ಲುನೆಲದಲ್ಲಿ ಓಡಿಸುವ ಆಸೆಯಿದೆ. ಕಚೇರಿಗೂ ಇದರಲ್ಲೇ ಬರುತ್ತೇನೆ. ಹಿಂದೆ ಒಮ್ಮೆ ಇದೇ ಮಾರ್ಗದಲ್ಲಿ ನನ್ನ ಅಜಾಗ್ರತೆಯಿಂದ ಬಿದ್ದಿದ್ದೇನೆ. ಜೊತೆಗಿದ್ದ ಪತ್ನಿಗೆ ಪೆಟ್ಟಾಗಿದೆ.” ‘ಅಜಾಗ್ರತೆ’ಯ ಮೇಲೆ ಅವಳ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಪೆನ್ನು ತೆಗೆದುಕೊಂಡಳು. ಮಣಿಕಟ್ಟು ಮುರಿದಂದಿನಿಂದ ಅವಳ ಸಹಿ ನಿಧಾನ, ಪ್ರತಿ ಅಕ್ಷರಕ್ಕೂ ಕೈ ಎತ್ತಿ ಇಡಬೇಕು. ನಾನು ಆಚೆ ನೋಡದೆ ಕೊನೆಯ ಗೆರೆಯವರೆಗೂ ನೋಡಿದೆ.

ದಿನಕರ ಅರ್ಜಿ ಓದಿ ಬಾಗಿಲು ಮುಚ್ಚಿ ಬಂದ.

“ನಿನಗೆ ತಲೆ ಸರಿ ಉಂಟಾ? ಅಗತ್ಯವಿಲ್ಲ ಅಂತ ನೀನೇ ಬರೆದ್ರೆ ಮೇಲಿನವರು ಕೊಡುವುದು ಹೇಗೆ? ಅದರ ಮೇಲೆ ಬಿದ್ದದ್ದು ಬೇರೆ, ನನ್ನದೇ ತಪ್ಪು ಅಂತ.”

“ನಿಜ ಅದು.”

“ನಿಜ ಯಾರು ಕೇಳಿದ್ದು ಮಾರಾಯ, ಕಾರಣ ಕೇಳಿದ್ದು. ಹೊಂಡ ಅಂತ ಬರಿ. ಇಲ್ಲಿ ನೋಡು,” ಎಂದು ಅರ್ಜಿಗಳ ಕಟ್ಟನ್ನು ಬೆರಳಿನಿಂದ ಸರ್ರನೆ ಸರಿಸಿ ತೋರಿಸಿದ. “ಎಲ್ಲರೂ ಹೊಂಡವನ್ನೇ ಬರೆದದ್ದು. ಕಾಪುವಿನ ಸಮುದ್ರದ ಬದಿಯಿಂದ ಬರುವವರೂ.”

ಅರ್ಜಿಯನ್ನು ಹಾಗೆಯೇ ಕಳಿಸೆಂದೆ. ಎರಡು ವಾರಗಳಾದ ಮೇಲೆ ಅದು ಒಂದು ಪ್ರಶ್ನೆಯೊಂದಿಗೆ ಮರಳಿ ಬಂತು. ಸಾದಾ ಸೈಕಲ್ ಸಾಕಾಗುವುದಿಲ್ಲವೇ? ಅದರ ಕೆಳಗೆ ‘ಸಾಕಾಗುತ್ತದೆ’ ಎಂದು ಬರೆದು ಕಳಿಸಿದೆ. ಇನ್ನೂ ಕೆಲವು ವಾರಗಳ ನಂತರ, ಯಾವ ಟಿಪ್ಪಣಿಯೂ ಇಲ್ಲದೆ, ಮಂಜೂರಾಗಿ ಬಂತು. ಓದದೆ ಸಹಿ ಹಾಕಿದರೋ, ಓದಿ ಹಾಕಿದರೋ, ನನಗೆ ತಿಳಿಯದು. ಓದಿ ಹಾಕಿದ್ದಾರೆಂದು ನಂಬಲು ಮನಸ್ಸಾಗುತ್ತದೆ. ಹಾಗೆ ಮನಸ್ಸಾಗುವುದರಿಂದಲೇ ಅದರ ಬಗ್ಗೆ ನನಗೆ ಅನುಮಾನ.

ಸೈಕಲ್ ಬಂದು ಈಗ ತಿಂಗಳಾಗುತ್ತ ಬಂತು. ಬೆಳಗ್ಗೆ ಪರ್ಕಳದ ಏರಿನಲ್ಲಿ ಅದು ನನ್ನ ಬಲದ ಪಾಲನ್ನು ತಪ್ಪದೆ ತಿನ್ನುತ್ತದೆ. ಅರ್ಧ ಏರಿನಲ್ಲಿ ಇಳಿದು ತಳ್ಳುವ ನನ್ನನ್ನು ನೋಡಿ ಬಸ್ಸಿನ ಕಂಡಕ್ಟರುಗಳಿಗೆ ಬಹಳ ಸಂತೋಷವಾಗುತ್ತದೆ. ಸಂಜೆ ಅದೇ ಇಳಿಜಾರಿನಲ್ಲಿ, ಎಲ್ಲೋ ಒಂದು ಕಡೆ, ನಾವು ಬಿದ್ದ ಜಾಗದ ಮೇಲೆ ಹಾದುಹೋಗುತ್ತೇನೆ. ಎಲ್ಲಿ ಎಂದು ತಿಳಿಯದಿರುವುದರಿಂದ ಇಡೀ ಇಳಿಜಾರನ್ನೇ ನಿಧಾನವಾಗಿ ಇಳಿಯುತ್ತೇನೆ. ಅಜೆಕಾರಿನ ಪದವಿಗೆ ಇನ್ನೂ ಹೋಗಿಲ್ಲ. ಐರಿನ್ ಬೆಳಗ್ಗೆ ಗೇಟಿನವರೆಗೆ ಬರುತ್ತಾಳೆ. ಎದುರು ನಿಂತು, ಹೇಳುವುದನ್ನೆಲ್ಲ ಹೇಳಿ ಮುಗಿಸಿ, ನಾನು ಹೊರಟ ಮೇಲೆ ಸುಮ್ಮನಾಗುತ್ತಾಳೆ. ಒಂದು ಮಧ್ಯಾಹ್ನದ ಮಾತಿನಿಂದ ಆರು ವರ್ಷದ ಅಭ್ಯಾಸ ಹೋಗಿಬಿಡುತ್ತದೆಂದು ನಾನೇನೂ ಎಣಿಸಿರಲಿಲ್ಲ. ಸ್ವಲ್ಪ ಎಣಿಸಿದ್ದೆ.

ಮೊನ್ನೆ ಶುಕ್ರವಾರ ಸಂಜೆ ಆತ್ರಾಡಿಯ ಪೇಟೆ ದಾಟಿ, ಮನೆಯ ಕಡೆ ಹೋಗುವ ಸಣ್ಣ ದಾರಿಗೆ ತಿರುಗಿದ್ದೆ. ದಾರಿಯ ಬದಿಯಲ್ಲಿ ಒಂದಿಬ್ಬರು ಹೆಂಗಸರು ಚೀಲ ಹಿಡಿದು ನಡೆಯುತ್ತಿದ್ದರು. ಅವರನ್ನು ದಾಟಿ ಸ್ವಲ್ಪ ಮುಂದೆ ಬಂದಿರಬೇಕು, ಆಗ ಬೆನ್ನ ಹಿಂದಿನಿಂದ, ಗಟ್ಟಿಯಾಗಿ, ನನ್ನ ಹೆಸರು ಕೇಳಿಸಿತು.

ಕತ್ತು ತಿರುಗಲು ಹೊರಟದ್ದು ನನಗೆ ಗೊತ್ತಾಯಿತು. ಎರಡೂ ಬ್ರೇಕು ಹಿಡಿದೆ. ಸೈಕಲ್ ಪೂರಾ ನಿಂತ ಮೇಲೆ, ಒಂದು ಕಾಲನ್ನು ನೆಲಕ್ಕೂರಿ, ಆಮೇಲೆ ತಿರುಗಿದೆ. ಐರಿನ್ ಮೀನಿನ ಚೀಲವನ್ನು ಎಡಗೈಯಲ್ಲಿ ಹಿಡಿದು, ಅವಸರವೇನೂ ಇಲ್ಲದೆ ಬರುತ್ತಿದ್ದಳು.

“ಎಂತ?” ಎಂದೆ.

“ಎಂತ ಇಲ್ಲ” ಎಂದಳು. “ಸುಮ್ಮನೆ ಕರೆದದ್ದು.”